ಕೊನೆಯ ಐಸಿಯು ಬೆಡ್ ಯಾರಿಗೆ? ಕಾನೂನು ಹೇಳುವುದು, ಹೇಳದೆ ಬಿಟ್ಟಿರುವುದು

ಪ್ರಶ್ನೆ: ನನ್ನ ತಂದೆಯವರಿಗೆ 71 ವರ್ಷವಾಗಿತ್ತು. ಬಹಳ ವರ್ಷಗಳಿಂದ ಸಿಒಪಿಡಿ, ಅಂದರೆ ಉಸಿರಾಟ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇತ್ತು. ಕಳೆದ ತಿಂಗಳು ಒಂದು ರಾತ್ರಿ ಉಸಿರಾಟ ತೀರಾ ಕಷ್ಟವಾದಾಗ ಮನೆಗೆ ಹತ್ತಿರದ ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ದೆವು. ಟ್ಯೂಬ್ ಇಲ್ಲದೆ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಹಾಕಿದರು. ಐಸಿಯುನಲ್ಲಿ ಒಂದು ಬೆಡ್ ಇದೆ, ಸ್ವಲ್ಪ ಹೊತ್ತಿನಲ್ಲಿ ಮೇಲಕ್ಕೆ ಕಳಿಸುತ್ತೇವೆ ಎಂದರು. ಹತ್ತು ಗಂಟೆಯ ಸುಮಾರಿಗೆ ರಸ್ತೆ ಅಪಘಾತದಲ್ಲಿ ಗಾಯಗೊಂಡ ಮೂವರನ್ನು ಕರೆತಂದರು. ಅವರಲ್ಲಿ ತಲೆಗೆ ಪೆಟ್ಟಾಗಿದ್ದ ಒಬ್ಬ ಹುಡುಗನಿಗೆ ಆ ಬೆಡ್ ಹೋಯಿತು. ಬೇರೆಡೆ ಕರೆದೊಯ್ಯಲೇ ಎಂದು ಕೇಳಿದ್ದಕ್ಕೆ ಕಾಯಿರಿ ಎಂದರು. ಅಪ್ಪನಿಗೆ ಕೊಡುತ್ತಿದ್ದ ಆಕ್ಸಿಜನ್ ಅನ್ನು ನಾಲ್ಕು ಲೀಟರಿನಿಂದ ಎರಡಕ್ಕೆ ಇಳಿಸಿದ್ದನ್ನು ನನ್ನ ತಮ್ಮ ಕಣ್ಣಾರೆ ಕಂಡಿದ್ದಾನೆ. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಮಾತಿಗೆ ಸ್ಪಂದಿಸದಾದಾಗ ಗಂಟಲಿಗೆ ಟ್ಯೂಬ್ ಹಾಕಿ, ಏಳು ಗಂಟೆಗೆ ಬೇರೆ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆರನೆಯ ದಿನ ತೀರಿಕೊಂಡರು. ಮೊದಲು ಬಂದವರು ನಾವಲ್ಲವೇ? ವಯಸ್ಸಾಯಿತೆಂದು ಅವರನ್ನು ಕೈಬಿಟ್ಟರೇ? ಕೋವಿಡ್ ಕಾಲದಲ್ಲಿ ಮುದುಕರ ವೆಂಟಿಲೇಟರ್ ತೆಗೆದು ಚಿಕ್ಕವರಿಗೆ ಹಾಕಿದರು ಎಂದು ಕೇಳಿದ್ದೆವು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆಯೇ? ಆ ರಾತ್ರಿಯ ಡ್ಯೂಟಿ ಡಾಕ್ಟರ್ ಮೇಲೆ ಪೊಲೀಸ್ ದೂರು ಕೊಡಬೇಕೆಂದು ತಮ್ಮ ಹಟ ಹಿಡಿದಿದ್ದಾನೆ. ನಾವು ಏನು ಮಾಡಬಹುದು? (ಹೆಸರು ಬೇಡ, ಬೆಂಗಳೂರು)

ಉತ್ತರ: ನಿಮ್ಮ ತಂದೆಯವರ ಅಗಲಿಕೆಗೆ ನನ್ನ ಸಂತಾಪಗಳು. ಪತ್ರದ ಜೊತೆಗೆ ಆ ರಾತ್ರಿಯ ಮೂರು ಎಬಿಜಿ ವರದಿಗಳ, ಅಂದರೆ ರಕ್ತದ ಗ್ಯಾಸ್ ಪರೀಕ್ಷೆಗಳ, ಅಂಕಿಗಳನ್ನು ಸಮಯಸಹಿತ ಬರೆದು ಕಳಿಸಿದ್ದು ಉಪಕಾರವಾಯಿತು. ಅವು ಇಲ್ಲದೆ ಹೋಗಿದ್ದರೆ ನಾನು ಬರಿಯ ಸಮಾಧಾನದ ಮಾತನ್ನಷ್ಟೇ ಬರೆಯಬೇಕಾಗುತ್ತಿತ್ತು.

ನಿಮ್ಮ ಪತ್ರದಲ್ಲಿ ಎರಡು ದುಃಖಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಿಮ್ಮ ತಂದೆಯವರಿಗೆ ಎಂದು ಹೇಳಿದ್ದ ಬೆಡ್ ಇನ್ನೊಬ್ಬರಿಗೆ ಹೋದದ್ದು ಒಂದು. ಬೆಡ್ ಹೋದ ನಂತರ ಬೆಳಗಿನ ಜಾವದವರೆಗೆ ಅವರಿಗೆ ಏನಾಯಿತು ಎಂಬುದು ಇನ್ನೊಂದು. ನಿಮ್ಮ ತಮ್ಮನವರ ಸಿಟ್ಟು ಪೂರ್ತಿಯಾಗಿ ಮೊದಲನೆಯದರ ಮೇಲಿದೆ. ವೈದ್ಯಕೀಯ ನೀತಿಯ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಹೆಚ್ಚು ತೂಕವಿರುವುದು ಎರಡನೆಯದಕ್ಕೆ. ಹಾಗೆ ಹೇಳಲು ಕಾರಣವೇನೆಂದು ವಿವರಿಸುತ್ತೇನೆ.

ಮೊದಲು ಆಕ್ಸಿಜನ್ ವಿಷಯವನ್ನು ಬದಿಗಿಡೋಣ, ಏಕೆಂದರೆ ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ನಿಮ್ಮ ತಂದೆಯವರ ಪಾಲಿನ ಆಕ್ಸಿಜನ್ ಅನ್ನು ಇಳಿಸಿ ಇನ್ನೊಬ್ಬರಿಗೆ ಕೊಟ್ಟರು ಎಂಬುದು ನಿಮ್ಮ ತಮ್ಮನವರ ಊಹೆ. ಸಿಒಪಿಡಿ ಇರುವವರಲ್ಲಿ ರಕ್ತದ ಆಕ್ಸಿಜನ್ ಮಟ್ಟವನ್ನು ನಾವು ಬೇಕೆಂದೇ ಶೇಕಡಾ 88ರಿಂದ 92ರ ನಡುವೆ ಇಟ್ಟುಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚಾದರೆ ಅಂಥವರ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ಮಂಪರು ಕವಿಯುತ್ತದೆ, ಉಸಿರು ಇನ್ನಷ್ಟು ಕುಗ್ಗುತ್ತದೆ. ಬೆರಳಿಗೆ ಹಾಕಿದ ಮೀಟರಿನಲ್ಲಿ 97 ಕಂಡಾಗ ನಾಲ್ಕು ಲೀಟರನ್ನು ಎರಡಕ್ಕೆ ಇಳಿಸುವುದು ಸರಿಯಾದ ಚಿಕಿತ್ಸೆಯೇ. ಅದನ್ನು ಮನೆಯವರಿಗೆ ಒಂದು ಮಾತಿನಲ್ಲಿ ತಿಳಿಸಬೇಕಿತ್ತು. ತಿಳಿಸದೆ ಹೋದದ್ದರಿಂದಲೇ ಇಂಥ ಅನುಮಾನ ಹುಟ್ಟಿಕೊಂಡಿದೆ.

ಇನ್ನು ಬೆಡ್. ರಾತ್ರಿ ಎಂಟೂವರೆಯ ಎಬಿಜಿಯಲ್ಲಿ ನಿಮ್ಮ ತಂದೆಯವರ ಪಿಎಚ್ (ಇದು ಇಳಿದಷ್ಟೂ ರಕ್ತದ ಆಮ್ಲೀಯತೆ ಹೆಚ್ಚು) 7.25, ಇಂಗಾಲದ ಡೈಆಕ್ಸೈಡ್ 76. ಬೈಪ್ಯಾಪ್ ಹಾಕಿದ ಮೇಲೆ ಹತ್ತೂವರೆಗೆ ತೆಗೆದ ಎರಡನೆಯದರಲ್ಲಿ ಪಿಎಚ್ 7.31, ಇಂಗಾಲದ ಡೈಆಕ್ಸೈಡ್ 63. ಇದು ಸ್ಪಷ್ಟವಾದ ಚೇತರಿಕೆ. ಬೈಪ್ಯಾಪ್‌ಗೆ ಮೊದಲ ಒಂದೆರಡು ಗಂಟೆಗಳಲ್ಲಿ ಹೀಗೆ ಸ್ಪಂದಿಸುವ ರೋಗಿಗಳಲ್ಲಿ ಹೆಚ್ಚಿನವರಿಗೆ ಟ್ಯೂಬ್ ಹಾಕುವ ಪ್ರಮೇಯವೇ ಬರುವುದಿಲ್ಲ. ಅದೇ ಹೊತ್ತಿಗೆ ಎದುರಿಗೆ ಬಂದವನು ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಕಳೆದುಕೊಳ್ಳುತ್ತಿದ್ದ ರೋಗಿ ಎಂದಾದರೆ, ಅವನಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಿ, ಸ್ಕ್ಯಾನ್ ಮಾಡಿಸಿ, ಬಹುಶಃ ಆಪರೇಷನ್ನಿಗೂ ಕರೆದೊಯ್ಯಬೇಕಾಗುತ್ತದೆ. ಬೈಪ್ಯಾಪ್ ಅನ್ನು ಎಮರ್ಜೆನ್ಸಿಯಲ್ಲೇ ನಡೆಸಬಹುದು. ಅಂಥ ತಲೆಪೆಟ್ಟಿನ ರೋಗಿಯನ್ನು ಅಲ್ಲಿ ಇಟ್ಟುಕೊಳ್ಳಲಾಗದು. ಆ ಎರಡು ವರದಿಗಳನ್ನು ಕೈಯಲ್ಲಿ ಹಿಡಿದು ಹತ್ತೂವರೆಗೆ ನಾನೇ ಅಲ್ಲಿ ನಿಂತಿದ್ದರೂ ಬೆಡ್ಡನ್ನು ಆ ಹುಡುಗನಿಗೇ ಕೊಡುತ್ತಿದ್ದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಹುಡುಗನ ಗಾಯ ಅಷ್ಟು ಗಂಭೀರವಾಗಿರಲಿಲ್ಲ ಎಂದು ದಾಖಲೆಯಿಂದ ತಿಳಿದುಬಂದರೆ ಮಾತು ಬೇರೆ.

ಮೊದಲು ಬಂದವರಿಗೆ ಮೊದಲು ಎಂಬುದು ರೇಷನ್ ಅಂಗಡಿಗೂ ಬಸ್ಸಿನ ಸೀಟಿಗೂ ಸರಿಹೋಗುವ ನ್ಯಾಯ. ಎಮರ್ಜೆನ್ಸಿಯಲ್ಲಿ ಅದು ನ್ಯಾಯದಂತೆ ಕಂಡರೂ ನ್ಯಾಯವಲ್ಲ. ಆಸ್ಪತ್ರೆಯ ಪಕ್ಕದ ರಸ್ತೆಯಲ್ಲಿ ಮನೆ ಇರುವವರು, ಸ್ವಂತ ಕಾರಿರುವವರು, ಲಕ್ಷಣ ಕಂಡ ಕೂಡಲೇ ಗುರುತಿಸಿ ಹೇಳುವ ಡಾಕ್ಟರ್ ಬಂಧುವಿರುವವರು ಮೊದಲು ತಲುಪುತ್ತಾರೆ. ಆನೇಕಲ್ಲಿನಿಂದಲೋ ಹೊಸಕೋಟೆಯ ಆಚೆಯ ಹಳ್ಳಿಯಿಂದಲೋ 108ಕ್ಕೆ ಕಾದು, ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬರುವವರು ಕೊನೆಗೆ ತಲುಪುತ್ತಾರೆ. ಆದ್ದರಿಂದ ಟ್ರಯಾಜ್ ಎಂದು ನಾವು ಕರೆಯುವ ವಿಂಗಡಣೆಯಲ್ಲಿ ಮೊದಲ ಪ್ರಶ್ನೆ ಯಾರು ಮೊದಲು ಬಂದರು ಎಂಬುದಲ್ಲ. ಈ ಸಾಧನ ಈಗ ಸಿಗದಿದ್ದರೆ ಯಾರಿಗೆ ಹೆಚ್ಚು ಹಾನಿ, ಸಿಕ್ಕರೆ ಯಾರಿಗೆ ಉಳಿಯುವ ಸಾಧ್ಯತೆ ಹೆಚ್ಚು ಎಂಬುದು. ಈ ಎರಡರಲ್ಲೂ ಇಬ್ಬರು ಸಮನಾಗಿದ್ದಾಗ ಮಾತ್ರ ಮೊದಲು ಬಂದವರಿಗೆ ಕೊಡುವುದು ಅಥವಾ ಚೀಟಿ ಎತ್ತುವುದು ಸರಿ ಎಂದು ಬಹುತೇಕ ಮಾರ್ಗಸೂಚಿಗಳು ಹೇಳುತ್ತವೆ.

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ವಯಸ್ಸಿನ ಪ್ರಶ್ನೆ. ಅದಕ್ಕೆ ನೇರವಾದ ಉತ್ತರ ಕೊಡಲು ಸ್ವಲ್ಪ ವಿಸ್ತಾರ ಬೇಕು. 2020ರ ಮಾರ್ಚ್‌ನಲ್ಲಿ ಇಟಲಿಯ ಅರಿವಳಿಕೆ ಮತ್ತು ತೀವ್ರನಿಗಾ ತಜ್ಞರ ಸಂಘವು ಐಸಿಯು ಪ್ರವೇಶಕ್ಕೆ ವಯಸ್ಸಿನ ಮಿತಿಯನ್ನು ಹಾಕಬೇಕಾಗಿ ಬರಬಹುದು ಎಂದು ಬರೆದಾಗ ಜಗತ್ತಿನಾದ್ಯಂತ ಗದ್ದಲವೆದ್ದಿತು. ಅದೇ ತಿಂಗಳು ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯು ರೋಗಿ ಎಷ್ಟು ಕೃಶನಾಗಿದ್ದಾನೆಂಬುದನ್ನು ಅಳೆಯುವ ಒಂದು ಪಟ್ಟಿಯನ್ನು ಬಳಸಲು ಹೇಳಿ, ಅಂಗವಿಕಲರ ಸಂಘಟನೆಗಳು ಆಕ್ಷೇಪಿಸಿದ ಕೆಲವೇ ದಿನಗಳಲ್ಲಿ ಅದನ್ನು ತಿದ್ದಿತು: ದೀರ್ಘಕಾಲದ ಸ್ಥಿರ ಅಂಗವೈಕಲ್ಯ ಇರುವವರಿಗೆ ಆ ಪಟ್ಟಿ ಅನ್ವಯಿಸಬಾರದು ಎಂದಿತು. ನಮ್ಮ ದೇಶದಲ್ಲಿ 2021ರ ಜೂನ್ 1ರಂದು, ಕಪ್ಪು ಶಿಲೀಂಧ್ರಕ್ಕೆ ಬೇಕಾದ ಆಂಫೊಟೆರಿಸಿನ್ ಔಷಧ ಎಲ್ಲೂ ಸಿಗದಿದ್ದ ಹೊತ್ತಿನಲ್ಲಿ, ದೆಹಲಿ ಹೈಕೋರ್ಟ್ ಆ ಔಷಧವನ್ನು ಯಾರಿಗೆ ಮೊದಲು ಕೊಡಬೇಕೆಂಬ ನೀತಿಯನ್ನು ರೂಪಿಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಬದುಕುಳಿಯುವ ಸಾಧ್ಯತೆ ಹೆಚ್ಚಿರುವವರಿಗೆ ಮತ್ತು ಕಿರಿಯ ತಲೆಮಾರಿಗೆ ಆದ್ಯತೆ ಕೊಡುವುದನ್ನು ಪರಿಶೀಲಿಸಬೇಕೆಂದಿತು. ಇದು ಕ್ರೂರವಾದ ನಿರ್ಧಾರ ಎಂಬುದನ್ನು ನ್ಯಾಯಾಲಯವೇ ಒಪ್ಪಿಕೊಂಡಿತ್ತು. ಆದರೆ ಅದೇ ವರ್ಷದ ಮಾರ್ಚ್ 1ರಿಂದ ಲಸಿಕೆಯನ್ನು ನಾವು ಕೊಟ್ಟದ್ದು 60 ದಾಟಿದವರಿಗೆ, ಹಾಗೂ 45 ದಾಟಿ ಬೇರೆ ಕಾಯಿಲೆ ಇದ್ದವರಿಗೆ. 18ರಿಂದ 44 ವರ್ಷದವರ ಸರದಿ ಬಂದದ್ದು ಮೇ ತಿಂಗಳಲ್ಲಿ. ಒಂದೇ ವರ್ಷದಲ್ಲಿ ಒಂದು ಔಷಧಕ್ಕೆ ಕಿರಿಯರು ಮೊದಲು ಎಂಬ ಮಾತು, ಇನ್ನೊಂದಕ್ಕೆ ಹಿರಿಯರು ಮೊದಲು ಎಂಬ ನಿಯಮ. ಇದರಲ್ಲಿ ವಿರೋಧಾಭಾಸವಿಲ್ಲ. ಲಸಿಕೆಯಿಂದ ಹೆಚ್ಚು ಜೀವ ಉಳಿಯುವುದು ಹಿರಿಯರಲ್ಲಿ, ಹಾಗಾಗಿ ಅವರಿಗೆ ಮೊದಲು.

ಅಂದರೆ ವಯಸ್ಸು ಎಂಬುದು ಸ್ವತಃ ಕಾರಣವಾಗಬಾರದು. ಫಲ ಹೇಗಿರಬಹುದೆಂಬ ಅಂದಾಜಿನಲ್ಲಿ ಹಲವು ಅಂಶಗಳ ನಡುವೆ ಒಂದಾಗಿ ಅದು ಬರುತ್ತದೆ, ಬರದಂತೆ ತಡೆಯಲಾಗದು. ದಿನಕ್ಕೆ ಎರಡು ಕಿಲೋಮೀಟರ್ ನಡೆಯುವ 75ರ ಹಿರಿಯರು, ಯಕೃತ್ತು ಪೂರ್ತಿ ಕೆಟ್ಟಿರುವ 45ರವರಿಗಿಂತ ಐಸಿಯುನಿಂದ ಚೆನ್ನಾಗಿ ಹೊರಬರುತ್ತಾರೆ. ಆದ್ದರಿಂದ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಹೃದಯ ಮತ್ತು ರಕ್ತಪರಿಚಲನೆ, ಮೆದುಳು, ರಕ್ತ ಹೆಪ್ಪುಗಟ್ಟುವಿಕೆ ಎಂಬ ಆರು ವ್ಯವಸ್ಥೆಗಳಿಗೆ ಅಂಕ ಹಾಕುವ ಸೋಫಾ ಸ್ಕೋರ್‌ನಂಥ ಮಾಪನಗಳನ್ನು ಬಳಸುತ್ತಾರೆ. ಅದರಲ್ಲಿ ಸೊನ್ನೆಯಿಂದ 24ರವರೆಗೆ ಅಂಕಗಳಿವೆ, ವಯಸ್ಸಿಗೆ ಅಂಕವೇ ಇಲ್ಲ. (ಅದೂ ಪರಿಪೂರ್ಣವಲ್ಲ, ಮೊದಲೇ ಮೂತ್ರಪಿಂಡದ ಕಾಯಿಲೆ ಇರುವ ಬಡ ರೋಗಿಗೆ ಅದು ಅನ್ಯಾಯ ಮಾಡುತ್ತದೆ ಎಂಬ ಟೀಕೆ ಇದೆ, ಆ ಟೀಕೆಯಲ್ಲಿ ಹುರುಳಿದೆ.) 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ಮೃತ ದಾನಿಯ ಅಂಗಕ್ಕೆ ಹೆಸರು ನೋಂದಾಯಿಸಲು ಇದ್ದ 65 ವರ್ಷದ ಮಿತಿಯನ್ನು ತೆಗೆದುಹಾಕಿದ್ದೂ ಇದೇ ತರ್ಕದ ಮೇಲೆ.

ಸಮಾಜಕ್ಕೆ ಯಾರು ಹೆಚ್ಚು ಉಪಯುಕ್ತರು ಎಂದು ನೋಡಿ ಆರಿಸುವ ಪ್ರಯೋಗವೂ ಒಮ್ಮೆ ನಡೆದಿದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಡಯಾಲಿಸಿಸ್ ಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ, ಯಾರಿಗೆ ಡಯಾಲಿಸಿಸ್ ಎಂದು ತೀರ್ಮಾನಿಸಲು ಏಳು ಜನರ ಸಮಿತಿಯೊಂದನ್ನು ಮಾಡಿದರು. ಸಮಿತಿಯು ರೋಗಿಯ ಉದ್ಯೋಗ, ಆದಾಯ, ಮಕ್ಕಳೆಷ್ಟು, ಚರ್ಚಿಗೆ ಹೋಗುತ್ತಾರೆಯೇ ಎಂಬುದನ್ನೆಲ್ಲ ಲೆಕ್ಕ ಹಾಕಿತು. ಕೊನೆಗೆ ಅದು ತಮ್ಮಂತೆಯೇ ಇರುವವರನ್ನು ಆರಿಸುವ ಸಮಿತಿ ಎಂಬ ಟೀಕೆಗೆ ಗುರಿಯಾಯಿತು. ಮುಖ ನೋಡಿ ಮಣೆ ಹಾಕುವುದನ್ನು ಸಮಿತಿಯ ಮೂಲಕ ಮಾಡಿದರೂ ಅದು ಮುಖ ನೋಡಿ ಮಣೆ ಹಾಕಿದಂತೆಯೇ.

ಈಗ ಕಾನೂನು. ಕೊನೆಯ ಬೆಡ್ ಯಾರಿಗೆ ಸೇರಬೇಕು ಎಂದು ಹೇಳುವ ಕಾಯ್ದೆ ಭಾರತದಲ್ಲಿ ಇಲ್ಲ. ಆದರೆ ಬೆಡ್ ಸಿಗದವರಿಗೆ ಏನು ಸಿಗಲೇಬೇಕು ಎಂಬುದರ ಬಗ್ಗೆ ಇದೆ. 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಇರಲಿ ಖಾಸಗಿ ಇರಲಿ, ತುರ್ತು ಸ್ಥಿತಿಯಲ್ಲಿ ಎದುರಿಗೆ ಬಂದ ಜೀವವನ್ನು ಉಳಿಸಲು ಪ್ರಯತ್ನಿಸುವುದು ಪ್ರತಿಯೊಬ್ಬ ವೈದ್ಯನ ಹೊಣೆ ಎಂದಿತು. ಇನ್ನೂ ಮುಖ್ಯವಾದದ್ದು 1996ರ ಪಶ್ಚಿಮ ಬಂಗಾ ಖೇತ್ ಮಜ್ದೂರ್ ಸಮಿತಿಯ ತೀರ್ಪು. ಹಕೀಂ ಶೇಖ್ ಎಂಬ ಕೃಷಿ ಕಾರ್ಮಿಕರು 1992ರ ಜುಲೈನಲ್ಲಿ ರೈಲಿನಿಂದ ಬಿದ್ದು ತಲೆಗೆ ಏಟು ಮಾಡಿಕೊಂಡಾಗ, ಸೌಲಭ್ಯವಿಲ್ಲ, ಬೆಡ್ ಇಲ್ಲ ಎಂಬ ಉತ್ತರಗಳನ್ನೇ ಕೇಳುತ್ತ ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು, ಕಡೆಗೆ ಕಲ್ಕತ್ತೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದರು. ಇದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆ ಎಂದು ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸಿತು. ಹಣದ ಕೊರತೆಯ ನೆಪ ನಡೆಯದು ಎಂದಿತು. ಯಾವ ಆಸ್ಪತ್ರೆಯಲ್ಲಿ ಬೆಡ್ ಖಾಲಿ ಇದೆ ಎಂದು ತಕ್ಷಣ ತಿಳಿದು ರೋಗಿಯನ್ನು ಅಲ್ಲಿಗೆ ಕಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕು ಎಂದೂ ಅದೇ ತೀರ್ಪಿನಲ್ಲಿ ಸೂಚಿಸಿತು.

ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ. ಅದರ 2017ರ ತಿದ್ದುಪಡಿಯ ಪ್ರಕಾರ ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ವಿಪತ್ತು ಎಂದು ಘೋಷಿತವಾದ ಕಾಲಕ್ಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ಅದರ 61ನೆಯ ಸೆಕ್ಷನ್ ಪರಿಹಾರ ಕಾರ್ಯದಲ್ಲಿ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ವಯಸ್ಸು, ಅಂಗವೈಕಲ್ಯ, ಹಣ ಆ ಪಟ್ಟಿಯಲ್ಲಿ ಇಲ್ಲ. ಮುಂದಿನ ಸಾಂಕ್ರಾಮಿಕ ಬರುವ ಮೊದಲು ಶಾಸಕರು ಯಾರಾದರೂ ಆ ಸಾಲನ್ನು ತೆರೆದು ನೋಡಬೇಕು ಎಂಬುದು ನನ್ನ ಬಹುದಿನದ ಅನಿಸಿಕೆ.

ಈ ಹಿನ್ನೆಲೆಯಲ್ಲಿ ನಿಮ್ಮ ತಂದೆಯವರ ರಾತ್ರಿಯನ್ನು ಮತ್ತೆ ನೋಡೋಣ. ಹತ್ತೂವರೆಯ ಎಬಿಜಿಯ ನಂತರ ನೀವು ಕಳಿಸಿರುವ ಮುಂದಿನ ವರದಿ ಬೆಳಗಿನ ಜಾವ ನಾಲ್ಕರದು: ಪಿಎಚ್ 7.16, ಇಂಗಾಲದ ಡೈಆಕ್ಸೈಡ್ 98. ನಡುವೆ ಐದೂವರೆ ಗಂಟೆ. ಬೈಪ್ಯಾಪ್‌ನಲ್ಲಿರುವ ರೋಗಿಯ ಸ್ಥಿತಿ ಎರಡೂ ಕಡೆಗೆ ಹೊರಳಬಹುದು. ಮಾಸ್ಕ್ ಜಾರಿ ಗಾಳಿ ಸೋರಬಹುದು, ಕಫ ಕಟ್ಟಬಹುದು, ಸುಸ್ತಾಗಿ ಉಸಿರು ಆಳ ಕಳೆದುಕೊಳ್ಳಬಹುದು. ಮನೆಯವರ ಕಣ್ಣಿಗೆ ರೋಗಿ ನೆಮ್ಮದಿಯಾಗಿ ಮಲಗಿದಂತೆಯೇ ಕಾಣುತ್ತದೆ. ಅದು ನಿದ್ದೆಯೋ ಇಂಗಾಲದ ಡೈಆಕ್ಸೈಡ್ ಏರಿದ ಮಂಪರೋ ಎಂದು ತಿಳಿಯಬೇಕಾದರೆ ನರ್ಸ್ ಬಂದು ತಟ್ಟಿ ಎಬ್ಬಿಸಿ ಮಾತಾಡಿಸಬೇಕು, ಉಸಿರು ಎಣಿಸಬೇಕು, ಅನುಮಾನವಾದರೆ ಎಬಿಜಿ ಮತ್ತೆ ತೆಗೆಯಬೇಕು. ಐಸಿಯು ಎಂದರೆ ಮುಖ್ಯವಾಗಿ ಈ ಕಣ್ಣು. ಬೆಡ್ಡನ್ನು ಇನ್ನೊಬ್ಬರಿಗೆ ಕೊಟ್ಟ ಆಸ್ಪತ್ರೆ, ಆ ಕಣ್ಣನ್ನು ಎಮರ್ಜೆನ್ಸಿಯಲ್ಲೇ ನಿಮ್ಮ ತಂದೆಯವರಿಗೆ ಒದಗಿಸಿತೇ? ಪ್ರತಿ ಗಂಟೆಗೊಮ್ಮೆಯಾದರೂ ಯಾರಾದರೂ ನೋಡಿ ಬರೆದಿಟ್ಟಿದ್ದಾರೆಯೇ? ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿ ವಿಚಾರಿಸಿದ್ದಾರೆಯೇ, ಅಥವಾ ಕಾಯಿರಿ ಎಂದದ್ದೇ ಎಲ್ಲವೂ ಆಯಿತೇ? ಬೆಡ್ ಹೋದದ್ದಕ್ಕೆ ಸಮರ್ಥನೆ ಸಿಗಬಹುದು. ಈ ಐದೂವರೆ ಗಂಟೆಗಳಲ್ಲಿ ಚಾರ್ಟ್ ಖಾಲಿ ಇದ್ದರೆ ಅದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಹಾಗೆಂದು ಸರಿಯಾಗಿ ನೋಡಿಕೊಂಡಿದ್ದರೆ ಅವರು ಖಂಡಿತ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಟ್ಯೂಬ್ ಹಾಕುವ ಹಂತಕ್ಕೆ ಹೋದ ಸಿಒಪಿಡಿ ರೋಗಿಗಳಲ್ಲಿ ಸಾವಿನ ಪ್ರಮಾಣ ಮೊದಲೇ ಹೆಚ್ಚು. ಆ ಹಂತಕ್ಕೆ ಹೋಗುವುದನ್ನು ತಪ್ಪಿಸಬಹುದಿತ್ತೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಬೆಂಗಳೂರಿನಂಥ ನಗರದಲ್ಲಿ, ಸಾಂಕ್ರಾಮಿಕವೂ ಇಲ್ಲದ ಒಂದು ಸಾಮಾನ್ಯ ರಾತ್ರಿ, ಐಸಿಯು ಬೆಡ್‌ಗೆ ಏಕೆ ಇಂಥ ಬರ ಎಂದು ನಿಮಗೆ ಅನಿಸಬಹುದು. ಮಂಚ, ಮಾನಿಟರ್, ವೆಂಟಿಲೇಟರ್ ಕೊಳ್ಳುವುದು ಸುಲಭ. ವೆಂಟಿಲೇಟರ್‌ನಲ್ಲಿರುವ ಒಬ್ಬ ರೋಗಿಗೆ ಒಬ್ಬ ತರಬೇತಾದ ನರ್ಸ್ ಎಂಬ ಲೆಕ್ಕದಲ್ಲಿ ಮೂರು ಪಾಳಿಗೆ ಜನರನ್ನು ಹೊಂದಿಸುವುದು ಕಷ್ಟ. ಖಾಸಗಿ ಆಸ್ಪತ್ರೆಗೆ ಖಾಲಿ ಬೆಡ್ ಎಂದರೆ ನಷ್ಟ, ಆದ್ದರಿಂದ ಐಸಿಯು ಯಾವಾಗಲೂ ತುಂಬಿಯೇ ಇರುತ್ತದೆ. ಆಪರೇಷನ್ ಆದವರಿಗೆಂದು ಮೊದಲೇ ಗೊತ್ತುಮಾಡಿದ ಬೆಡ್‌ಗಳೂ ಅದರಲ್ಲಿ ಸೇರಿರುತ್ತವೆ. ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ ಎಂದು ತಿಳಿಯಲು ರಾತ್ರಿ ಡ್ಯೂಟಿ ಡಾಕ್ಟರ್ ತನ್ನ ಮೊಬೈಲಿನಿಂದ ಗುರುತಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾನೆ. 1996ರಲ್ಲಿ ಕೋರ್ಟ್ ಕೇಳಿದ ಸಂಪರ್ಕ ವ್ಯವಸ್ಥೆ ಇಂದಿಗೂ ಹೆಚ್ಚಿನ ರಾತ್ರಿಗಳಲ್ಲಿ ಇಷ್ಟೇ.

ಕೋವಿಡ್ ಕಾಲದಲ್ಲಿ ಅಂಥದೊಂದು ವ್ಯವಸ್ಥೆ ಇಲ್ಲಿ ಇತ್ತು. ಸೋಂಕಿತರಿಗೆ ಕೊಡುತ್ತಿದ್ದ ಬಿಯು ಎಂಬ ಗುರುತಿನ ನಂಬರ್, 1912 ಸಹಾಯವಾಣಿಗೆ ಕರೆ, ಬೆಡ್ ಹಂಚಲು ವಲಯಕ್ಕೊಂದು ವಾರ್ ರೂಮ್, ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಬೆಡ್‌ಗಳು ಸರ್ಕಾರದ ಪಾಲಿಗೆ. ನಿಯಮ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ 2021ರ ಮೇ ಮೊದಲ ವಾರದಲ್ಲಿ ದಕ್ಷಿಣ ವಲಯದ ವಾರ್ ರೂಮಿನಲ್ಲಿ ಬೆಡ್‌ಗಳನ್ನು ಬೇನಾಮಿ ಹೆಸರಿನಲ್ಲಿ ತಡೆಹಿಡಿದು ಹಣಕ್ಕೆ ಬಿಡಲಾಗುತ್ತಿದೆ ಎಂಬ ಆರೋಪ ಬಂದು ಪೊಲೀಸ್ ಪ್ರಕರಣವಾಯಿತು. ಯಾರಿಗೆ ಏಕೆ ಬೆಡ್ ಹೋಯಿತು ಎಂಬುದು ಹೊರಗಿನವರಿಗೆ ಕಾಣುವಂತಿರಲಿಲ್ಲ, ಹಾಗಾಗಿ ಆರೋಪ ಎಷ್ಟು ನಿಜವೆಂದು ಒರೆಹಚ್ಚುವುದೂ ಆಗಲಿಲ್ಲ. ಆ ದಿನಗಳಲ್ಲಿ ನಮ್ಮಂಥವರ ಫೋನಿಗೆ ಬರುತ್ತಿದ್ದ ವಶೀಲಿ ಕರೆಗಳಿಗೆ ಲೆಕ್ಕವಿರಲಿಲ್ಲ. ಬರೆದಿಟ್ಟ ನಿಯಮವಿದ್ದ ಕಡೆ ಇದು ನನ್ನ ಕೈಯಲ್ಲಿಲ್ಲ ಸಾರ್ ಎಂದು ಹೇಳಿ ಫೋನ್ ಇಡಬಹುದಿತ್ತು. ನಿಯಮವಿಲ್ಲದ ಕಡೆ ವೈದ್ಯರ ಧೈರ್ಯವೊಂದೇ ಆಸರೆ. ರಾತ್ರಿ ಮೂರಕ್ಕೆ ಅದು ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಉಳಿದಿರುವುದಿಲ್ಲ.

ಹಂಚಿಕೆ ನಡೆಯುವುದು ರೋಗಿಯ ಮಂಚದ ಪಕ್ಕದಲ್ಲಷ್ಟೇ ಅಲ್ಲ. ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ ತಿಂಗಳ ಆರಂಭದಲ್ಲಿ 24 ಮಂದಿ ತೀರಿಕೊಂಡಾಗ, ಹೈಕೋರ್ಟ್ ನೇಮಿಸಿದ ಸಮಿತಿಯು ಆಕ್ಸಿಜನ್ ಕೊರತೆಯನ್ನೇ ಬೊಟ್ಟು ಮಾಡಿ ತೋರಿಸಿತು. ಅದೇ ವಾರ ರಾಜ್ಯದ ದಿನದ ಆಕ್ಸಿಜನ್ ಪಾಲನ್ನು 1,200 ಟನ್ನಿಗೆ ಏರಿಸುವಂತೆ ನಮ್ಮ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಯಾವ ರಾಜ್ಯಕ್ಕೆ ಎಷ್ಟು, ಯಾವ ಜಿಲ್ಲೆಗೆ ಯಾವ ಟ್ಯಾಂಕರ್ ಎಂಬ ತೀರ್ಮಾನಗಳೆಲ್ಲ ಆದಮೇಲೆ, ಎಲ್ಲರ ಕೊನೆಯಲ್ಲಿ ರೋಗಿಯ ಕಣ್ಣೆದುರು ನಿಲ್ಲುವವನು ಆ ಡ್ಯೂಟಿ ಡಾಕ್ಟರ್. ನಿಮ್ಮ ತಮ್ಮನವರ ವಿಷಯಕ್ಕೆ ಬಂದಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ವೆಂಟಿಲೇಟರ್ ತೆಗೆದು ಇನ್ನೊಬ್ಬರಿಗೆ ಹಾಕುವುದರ ಬಗ್ಗೆ ಕೇಳಿದ್ದೀರಿ. ವಿದೇಶಗಳ ಕೆಲವು ಮಾರ್ಗಸೂಚಿಗಳು ಅತಿ ದೊಡ್ಡ ವಿಪತ್ತಿನಲ್ಲಿ, ನಿಗದಿತ ದಿನಗಳ ಪ್ರಯತ್ನದ ನಂತರವೂ ಸುಧಾರಿಸದ ರೋಗಿಯಿಂದ ಯಂತ್ರವನ್ನು ಹಿಂಪಡೆಯಬಹುದು ಎನ್ನುತ್ತವೆ. ನಮ್ಮಲ್ಲಿ ಹಾಗೆ ಮಾಡಿದ ವೈದ್ಯನಿಗೆ ರಕ್ಷಣೆ ಕೊಡುವ ಕಾಯ್ದೆ ಇಲ್ಲ. ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2018ರ ತೀರ್ಪು ಮತ್ತು 2023ರ ಪರಿಷ್ಕರಣೆಯಂತೆ ಜೀವರಕ್ಷಕ ಸಾಧನವನ್ನು ಹಿಂತೆಗೆಯಲು ಅವಕಾಶವಿದೆ, 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಸುತ್ತೋಲೆಯನ್ನೂ ಹೊರಡಿಸಿದೆ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು, ಎರಡು ವೈದ್ಯಕೀಯ ಮಂಡಳಿಗಳು ನೋಡಬೇಕು. ಆ ರೋಗಿಗೆ ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂಬುದಷ್ಟೇ ಅಲ್ಲಿ ಪ್ರಶ್ನೆ. ಪಕ್ಕದ ರೋಗಿಗೆ ಯಂತ್ರ ಬೇಕು ಎಂಬುದು ಕಾರಣವಾಗುವಂತಿಲ್ಲ. ಕೋವಿಡ್ ಕಾಲದ ಕಥೆಗಳಲ್ಲಿ ಎಷ್ಟೋ, ಖಾಲಿಯಾದ ಬೆಡ್ಡನ್ನು ಇಬ್ಬರಲ್ಲಿ ಒಬ್ಬರಿಗೆ ಕೊಟ್ಟ ಪ್ರಸಂಗಗಳು. ಬಾಯಿಂದ ಬಾಯಿಗೆ ಹೋಗುವಾಗ ಅವು ಕಿತ್ತುಕೊಟ್ಟ ಪ್ರಸಂಗಗಳಾಗಿವೆ.

ನಿಮ್ಮ ಮುಂದಿರುವ ದಾರಿಗಳನ್ನು ಹೇಳುತ್ತೇನೆ. ಎಲ್ಲಕ್ಕೂ ಮೊದಲು ದಾಖಲೆ. 2002ರ ವೈದ್ಯರ ವೃತ್ತಿ ನಡವಳಿಕೆ ನಿಯಮಗಳಂತೆ, ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು. ಡಿಸ್ಚಾರ್ಜ್ ಸಮರಿ ಸಾಲದು. ಕೇಸ್ ಶೀಟ್ ಪೂರ್ತಿ, ನರ್ಸ್‌ಗಳ ಚಾರ್ಟ್, ಬೈಪ್ಯಾಪ್ ಸೆಟ್ಟಿಂಗ್ ಬರೆದ ಹಾಳೆ, ಎಲ್ಲ ಎಬಿಜಿಗಳು, ರೆಫರಲ್ ಪತ್ರ, ಇಷ್ಟನ್ನೂ ಹೆಸರಿಸಿ ಲಿಖಿತವಾಗಿ ಕೇಳಿ, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಒಂದು ಕಾಗದವನ್ನು ವಿಶೇಷವಾಗಿ ನೋಡಿ: ಬೆಳಿಗ್ಗೆ ಕಳಿಸುವಾಗ ನಿಮ್ಮಿಂದ ಸಹಿ ಹಾಕಿಸಿಕೊಂಡ ಪತ್ರದಲ್ಲಿ 'ಬೆಡ್ ಲಭ್ಯವಿಲ್ಲದ ಕಾರಣ' ಎಂದಿದೆಯೇ, 'ಮನೆಯವರ ಕೋರಿಕೆಯ ಮೇರೆಗೆ' ಎಂದಿದೆಯೇ? ಗಾಬರಿಯಲ್ಲಿ ಯಾರೂ ಅದನ್ನು ಓದುವುದಿಲ್ಲ. ಎರಡನೆಯ ಒಕ್ಕಣೆ ಇದ್ದರೆ ಆಸ್ಪತ್ರೆ ತನ್ನ ಹೊಣೆಯನ್ನು ನಿಮ್ಮ ಸಹಿಯ ಕೆಳಗೆ ಸರಿಸಿದೆ ಎಂದು ತಿಳಿಯಿರಿ. ಆಗ ಅಲ್ಲಿದ್ದವರ ಹೇಳಿಕೆ, ಆ ರಾತ್ರಿ ಮನೆಯವರ ನಡುವೆ ಹೋದ ಫೋನ್ ಸಂದೇಶಗಳು ಮುಖ್ಯವಾಗುತ್ತವೆ, ಅವನ್ನು ಅಳಿಸಬೇಡಿ.

ದಾಖಲೆ ಕೈಗೆ ಬಂದ ಮೇಲೆ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ತೀವ್ರನಿಗಾ ತಜ್ಞರೊಬ್ಬರಿಗೆ ತೋರಿಸಿ. ನಂತರ ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಜೊತೆ ಭೇಟಿ ಕೇಳಿ, ಐಸಿಯು ಪ್ರವೇಶದ ಬಗ್ಗೆ ಬರೆದಿಟ್ಟ ನಿಯಮ ನಿಮ್ಮಲ್ಲಿದೆಯೇ, ಅಂದು ಅದರಂತೆ ನಡೆಯಿತೇ ಎಂದು ಕೇಳಿ. ಎಷ್ಟೋ ಮನೆಯವರಿಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿದ್ದನ್ನು ಕಂಡಿದ್ದೇನೆ. ಕೆಲವೊಮ್ಮೆ ವಕೀಲರ ಭಾಷೆಯ ಎರಡು ಸಾಲಿನ ಪತ್ರವೂ ಸಿಗುತ್ತದೆ.

ತೃಪ್ತಿಯಾಗದಿದ್ದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ, ದೂರು ಕೊಡಬಹುದು. ಖರ್ಚು ಕಡಿಮೆ, ಆಸ್ಪತ್ರೆಯ ವ್ಯವಸ್ಥೆಯ ದೋಷವನ್ನು ಪ್ರಶ್ನಿಸಲು ನಿಮ್ಮ ಪ್ರಕರಣಕ್ಕೆ ಇದೇ ಹೆಚ್ಚು ಹೊಂದುವ ಜಾಗ ಎಂದು ನನ್ನ ಅಭಿಪ್ರಾಯ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡುವ ದೂರು ಒಬ್ಬ ವೈದ್ಯರ ನಡವಳಿಕೆಯ ಮೇಲಿನದು. ಪರಿಹಾರ ಅಲ್ಲಿ ಸಿಗದು. ಆ ರಾತ್ರಿ ಎಮರ್ಜೆನ್ಸಿಯಲ್ಲಿ ಮೂವರು ಗಾಯಾಳುಗಳ ನಡುವೆ ಒಬ್ಬರೇ ಕಿರಿಯ ವೈದ್ಯರಿದ್ದರು ಎಂದಾದರೆ, ಸಾಕಷ್ಟು ಜನರನ್ನು ನೇಮಿಸದ ಆಡಳಿತವನ್ನು ಬಿಟ್ಟು ಅವರನ್ನು ಹಿಡಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಪರಿಹಾರ ಬೇಕೆಂದಿದ್ದರೆ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯಂತೆ ಎರಡು ವರ್ಷದೊಳಗೆ ಹೋಗಬೇಕು. ಅಲ್ಲಿ ನಿರ್ಲಕ್ಷ್ಯವಾಯಿತು ಎಂದಷ್ಟೇ ತೋರಿಸಿದರೆ ಸಾಲದು, ಅದರಿಂದಲೇ ಹಾನಿಯಾಯಿತು ಎಂದೂ ತೋರಿಸಬೇಕು. ಮೊದಲೇ ಕಾಯಿಲೆಯಿದ್ದ, ಆರು ದಿನ ಬೇರೆ ಆಸ್ಪತ್ರೆಯಲ್ಲಿದ್ದ ರೋಗಿಯ ವಿಷಯದಲ್ಲಿ ಆ ಎರಡನೆಯ ಮೆಟ್ಟಿಲು ಎತ್ತರದ್ದು. ವರ್ಷಗಟ್ಟಲೆ ಹಿಡಿಯಬಹುದು.

ಪೊಲೀಸ್ ದೂರನ್ನು ನಾನು ಸಲಹೆ ಮಾಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ ವೈದ್ಯರ ನಿರ್ಲಕ್ಷ್ಯದ ಸಾವಿಗೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ ನಿಜ. ಆದರೆ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯವೇ ಬೇಕು, ಮುಂದುವರಿಯುವ ಮೊದಲು ಪೊಲೀಸರು ಸ್ವತಂತ್ರ ವೈದ್ಯಕೀಯ ಅಭಿಪ್ರಾಯವನ್ನೂ ಪಡೆಯಬೇಕು. ಎರಡು ಜೀವಗಳ ನಡುವೆ ಹತ್ತೂವರೆಗೆ ಮಾಡಿದ ಆಯ್ಕೆ ಆ ಮಟ್ಟಕ್ಕೆ ಹೋಗುವುದಿಲ್ಲ. ನಿಮ್ಮ ತಮ್ಮನವರು ಸಿಟ್ಟಿನ ಭರದಲ್ಲಿ ಆಸ್ಪತ್ರೆಗೆ ಹೋಗಿ ಕೈಮಾಡಿದರೆ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ 2009ರ ರಾಜ್ಯದ ಕಾಯ್ದೆಯಡಿ ಅದು ಜಾಮೀನುರಹಿತ ಅಪರಾಧವಾಗುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ.

ವೈದ್ಯರು ದಾಖಲೆಗಳನ್ನು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಅದನ್ನೇ ನಂಬಿ ತಡಮಾಡಬೇಡಿ. ನರ್ಸ್‌ಗಳು ಕೆಲಸ ಬಿಟ್ಟು ಬೇರೆಡೆ ಹೋಗುತ್ತಾರೆ, ಎಮರ್ಜೆನ್ಸಿಯ ಸಿಸಿಟಿವಿ ದೃಶ್ಯಗಳ ಮೇಲೆ ಹೊಸವು ಬರೆದುಕೊಳ್ಳುತ್ತವೆ. ಅರ್ಜಿಯಲ್ಲಿ ಆ ದೃಶ್ಯಗಳನ್ನು ಕಾಯ್ದಿರಿಸಬೇಕೆಂಬ ಒಂದು ಸಾಲನ್ನೂ ಸೇರಿಸಿ, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಎಂದು ಸಮಯವನ್ನು ನಮೂದಿಸಿ, ಈ ವಾರವೇ ಕೊಟ್ಟುಬಿಡಿ.